ಪರದೇಶದ ಹಳ್ಳಿ ಆಸ್ಪತ್ರೆಗೆ ಸೇವೆಗೆ ಹೊರಟವರ ಆರೋಗ್ಯ

“ಡಾಕ್ಟ್ರೇ, ನಮ್ಮ ಹುಡುಗಿ ಆಫ್ರಿಕಾಕ್ಕೆ ಹೊರಟಿದಾಳೆ. ಮೂರು ತಿಂಗಳು, ಅದೂ ಸಂಬಳ ಇಲ್ದೆ. ಯಾವ್ಯಾವ ಇಂಜೆಕ್ಷನ್ ಹಾಕಿಸ್ಬೇಕು ಹೇಳಿ. ಉಪ್ಪಿನಕಾಯಿ ಎಷ್ಟು ಕಟ್ಟಿಕೊಡ್ಲಿ, ಅದನ್ನೂ ಹೇಳಿಬಿಡಿ.”

ಭದ್ರಾವತಿಯ ನ್ಯೂಟೌನಿನಿಂದ ಬಂದಿದ್ದ ಆ ತಾಯಿ ಒಂದೇ ಉಸಿರಿಗೆ ಇಷ್ಟನ್ನೂ ಕೇಳಿದರು. ಮಗಳು ಶಿವಮೊಗ್ಗದಲ್ಲಿ ನರ್ಸ್. ಉಗಾಂಡಾ ದೇಶದ ಹಳ್ಳಿಯೊಂದರ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗಲು ಹೆಸರು ಕೊಟ್ಟಿದ್ದಳು. ವಿಮಾನ ಹತ್ತಲು ಉಳಿದಿದ್ದು ಹದಿನೆಂಟು ದಿನ. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೂಲೆಯ ಕುರ್ಚಿಯಲ್ಲಿ ಮಾತಿಲ್ಲದೆ ಕುಳಿತಿದ್ದರು. ಅವರಿಗೆ ಈ ಪ್ರಯಾಣ ಇಷ್ಟವಿಲ್ಲವೆಂಬುದು ನೋಡಿದರೇ ತಿಳಿಯುತ್ತಿತ್ತು.

ವೈದ್ಯರು, ದಾದಿಯರು, ಪ್ರಯೋಗಾಲಯದ ತಂತ್ರಜ್ಞರು, ವೈದ್ಯಕೀಯ ವಿದ್ಯಾರ್ಥಿಗಳು ಹೀಗೆ ಹೊರದೇಶದ ಹಳ್ಳಿಗಳಿಗೆ ಸೇವೆಗೆಂದು ಹೋಗುವುದು ಹೊಸದೇನಲ್ಲ. ಹೋಗುವುದು ಒಳ್ಳೆಯದೇ. ಆದರೆ ಹೋದವರು ಮೊದಲ ವಾರದಲ್ಲೇ ಜ್ವರ ಬಂದು ಮಲಗಿದರೆ, ಅಲ್ಲಿನ ನಾಲ್ಕು ಜನ ದಾದಿಯರಿಗೆ ಒಬ್ಬ ರೋಗಿ ಹೆಚ್ಚಾದಂತಾಯಿತೇ ಹೊರತು ಸೇವೆಯಾಗಲಿಲ್ಲ. ನಿಮ್ಮ ಮನೆಯಲ್ಲಿ ಅಥವಾ ನೆಂಟರಿಷ್ಟರಲ್ಲಿ ಯಾರಾದರೂ ಹೀಗೆ ಹೊರಡುವ ಯೋಚನೆಯಲ್ಲಿದ್ದರೆ ಈ ವಾರದ ಅಂಕಣವನ್ನು ಅವರಿಗೂ ಓದಲು ಕೊಡಿ.

ಹಿಂದೆ ಹೋದವರ ಕಥೆ

ನಮ್ಮ ಗಡಿಯಾಚೆಯ ಸೊಲ್ಲಾಪುರ ಕನ್ನಡ, ಮರಾಠಿ, ತೆಲುಗು ಮೂರೂ ಬೆರೆತ ಊರು. ಆ ಊರಿನಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಹೆಸರನ್ನು ಹಿರಿಯ ಓದುಗರು ಕೇಳಿರುತ್ತೀರಿ. ವಿ. ಶಾಂತಾರಾಮ್ 1946ರಲ್ಲಿ ಅವರ ಬಗ್ಗೆ ಹಿಂದಿ ಚಿತ್ರ ತೆಗೆದು ತಾವೇ ಕೋಟ್ನಿಸರ ಪಾತ್ರ ವಹಿಸಿದ್ದರು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳಿಸಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಒಬ್ಬೊಬ್ಬರಾಗಿ ಹಿಂದಿರುಗಿದರು. ಕೋಟ್ನಿಸ್ ಮಾತ್ರ ಅಲ್ಲೇ ಉಳಿದು ಚೀನೀ ಭಾಷೆ ಕಲಿತರು. 1941ರಲ್ಲಿ ಉತ್ತರ ಚೀನಾದ ಹಳ್ಳಿಗಾಡಿನ ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು, ಅಲ್ಲಿನ ದಾದಿಯೊಬ್ಬರನ್ನೇ ಮದುವೆಯಾದರು. 1942ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರ ವಯಸ್ಸು ಕೇವಲ 32. ಮಗುವಿಗೆ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಅವರನ್ನು ಕೊಂದದ್ದು ಗುಂಡಲ್ಲ, ಮೂರ್ಛೆರೋಗ. ಫಿಟ್ಸ್ ಬರತೊಡಗಿದ ಮೇಲೂ ಅವರು ನಿದ್ದೆ, ವಿಶ್ರಾಂತಿ ಬಿಟ್ಟು ದುಡಿಯುತ್ತಲೇ ಇದ್ದರು.

ಆ ಆಸ್ಪತ್ರೆಗೆ ಯಾರ ಹೆಸರಿದೆಯೋ ಆ ಡಾ. ನಾರ್ಮನ್ ಬೆಥೂನ್ ಕೆನಡಾದ ಶಸ್ತ್ರವೈದ್ಯರು. 1939ರ ಅಕ್ಟೋಬರಿನಲ್ಲಿ ಕೈಗವಸಿಲ್ಲದೆ ಶಸ್ತ್ರಕ್ರಿಯೆ ಮಾಡುವಾಗ ಬೆರಳು ಕೊಯ್ದುಕೊಂಡಿತು. ಚಿಕ್ಕ ಗಾಯವೆಂದು ಕೆಲಸ ಮುಂದುವರಿಸಿದರು. ಗಾಯಕ್ಕೆ ಸೋಂಕು ತಗಲಿ, ವಿಷ ರಕ್ತಕ್ಕೇರಿ ನವೆಂಬರ್ 12ರಂದು ಪ್ರಾಣ ಹೋಯಿತು. ಪೆನಿಸಿಲಿನ್ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ.

ಇನ್ನೊಂದು ಆಸ್ಪತ್ರೆ ಉಗಾಂಡಾದ್ದೇ. ಉತ್ತರ ಉಗಾಂಡಾದ ಗುಲು ಪಟ್ಟಣದ ಬಳಿ ಲಾಕೋರ್ ಎಂಬಲ್ಲಿರುವ ಸೇಂಟ್ ಮೇರಿ ಆಸ್ಪತ್ರೆ. ಕೆನಡಾದ ಶಸ್ತ್ರವೈದ್ಯೆ ಡಾ. ಲ್ಯುಸಿಲ್ ಟೀಸ್‌ಡೇಲ್ 1961ರಲ್ಲಿ ಎರಡು ತಿಂಗಳ ಮಟ್ಟಿಗೆಂದು ಅಲ್ಲಿಗೆ ಹೋದರು. ಆಸ್ಪತ್ರೆಯನ್ನು ಕಟ್ಟುತ್ತಿದ್ದ ಇಟಲಿಯ ವೈದ್ಯ ಪಿಯೆರೋ ಕೋರ್ಟಿಯವರನ್ನು ಮದುವೆಯಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ನಿಂತರು. ಯುದ್ಧದಲ್ಲಿ ಗಾಯಗೊಂಡವರ ಮೈಯಿಂದ ಸಿಡಿಗುಂಡಿನ ಚೂರು, ಮುರಿದ ಮೂಳೆ ತೆಗೆಯುವಾಗ ಅವರ ಬೆರಳುಗಳಿಗೆ ಎಷ್ಟೋ ಸಲ ಗಾಯವಾಗಿತ್ತು. 1985ರಲ್ಲಿ ಪರೀಕ್ಷೆ ಮಾಡಿಸಿದಾಗ ಎಚ್.ಐ.ವಿ. ಸೋಂಕು ಪತ್ತೆಯಾಯಿತು. ಆಮೇಲೂ ದುಡಿದು 1996ರಲ್ಲಿ ನಿಧನರಾದರು. ಅದೇ ಆಸ್ಪತ್ರೆಯಲ್ಲಿ ಬೆಳೆದ ಉಗಾಂಡಾದ ವೈದ್ಯ ಡಾ. ಮ್ಯಾಥ್ಯೂ ಲುಕ್ವಿಯಾ 2000ದ ಅಕ್ಟೋಬರಿನಲ್ಲಿ ಅಲ್ಲಿ ಹರಡುತ್ತಿದ್ದುದು ಎಬೋಲಾ ಎಂದು ಮೊದಲು ಗುರುತಿಸಿದವರು. ರೋಗಿಗಳಿಗೆ ಪ್ರತ್ಯೇಕ ವಾರ್ಡು ಮಾಡಿದರು, ಸಿಬ್ಬಂದಿಗೆ ರಕ್ಷಾಕವಚ ತೊಡುವುದನ್ನು ಕಲಿಸಿದರು. ಒಂದು ರಾತ್ರಿ, ರಕ್ತ ಕಾರುತ್ತಿದ್ದ ತಮ್ಮದೇ ದಾದಿಯ ನೆರವಿಗೆ ಧಾವಿಸಿದಾಗ ಗೌನು, ಮಾಸ್ಕು, ಕೈಗವಸು ಎಲ್ಲ ಇತ್ತು. ಕಣ್ಣಿನ ಕವಚವೊಂದು ಮಾತ್ರ ಇರಲಿಲ್ಲ ಎಂದು ಜೊತೆಯವರು ನೆನೆದಿದ್ದಾರೆ. ಡಿಸೆಂಬರ್ 5ರಂದು ಅವರೂ ಎಬೋಲಾಕ್ಕೆ ಬಲಿಯಾದರು.

ಈ ಕಥೆಗಳನ್ನು ನಾನು ಹೇಳುತ್ತಿದ್ದಂತೆ ಮೂಲೆಯಲ್ಲಿದ್ದ ತಂದೆ ಬಾಯಿಬಿಟ್ಟರು. “ಫರ್ನೇಸ್ ಹತ್ರ ಬೂಟು ಗ್ಲೌಸು ಇಲ್ದೆ ಹೋದ್ರೆ ನಮ್ಮ ಸೂಪರ್‌ವೈಸರ್ ವಾಪಸ್ ಕಳಿಸ್ತಿದ್ರು. ಎಷ್ಟೇ ಅರ್ಜೆಂಟ್ ಇರ್ಲಿ.” ಮಗಳು ತಲೆ ತಗ್ಗಿಸಿ ನಕ್ಕಳು. ನಾನು ಹೇಳಬೇಕೆಂದಿದ್ದ ಅರ್ಧ ಮಾತನ್ನು ಅವರೇ ಹೇಳಿಬಿಟ್ಟಿದ್ದರು.

ಸೂಜಿ ಚುಚ್ಚಿಕೊಂಡರೆ

ಹಳ್ಳಿ ಆಸ್ಪತ್ರೆಯಲ್ಲಿ ಕರೆಂಟು ಹೋಗಿರುತ್ತದೆ, ಹೆರಿಗೆ ಕೋಣೆಯಲ್ಲಿ ಟಾರ್ಚ್ ಹಿಡಿದು ಹೊಲಿಗೆ ಹಾಕಬೇಕಾಗುತ್ತದೆ, ಕೈಗವಸು ಮುಗಿದಿರುತ್ತದೆ. ಸೂಜಿ ಚುಚ್ಚಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಎಚ್.ಐ.ವಿ. ಇರುವ ರೋಗಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸುಮಾರು 1000ಕ್ಕೆ 3. ಹೆಪಟೈಟಿಸ್ ಬಿ, ಅಂದರೆ ರಕ್ತದ ಮೂಲಕ ಹರಡುವ ಒಂದು ಬಗೆಯ ಕಾಮಾಲೆ, ಇದಕ್ಕಿಂತ ಬಹಳ ಸುಲಭವಾಗಿ ಅಂಟುತ್ತದೆ. ಲಸಿಕೆ ಹಾಕಿಸಿಕೊಳ್ಳದವರಲ್ಲಿ 100ಕ್ಕೆ 6ರಿಂದ 30ರವರೆಗೂ ಇರಬಹುದು. ಜನ ಹೆದರುವುದು ಮೊದಲನೆಯದಕ್ಕೆ, ಅಲಕ್ಷ್ಯ ಮಾಡುವುದು ಎರಡನೆಯದನ್ನು.

ಚುಚ್ಚಿದ ಕೂಡಲೇ ಆ ಜಾಗವನ್ನು ಸೋಪು, ನೀರಿನಿಂದ ಚೆನ್ನಾಗಿ ತೊಳೆಯಬೇಕು. ಬೆರಳನ್ನು ಬಾಯಲ್ಲಿಟ್ಟು ಚೀಪಬಾರದು, ಹಿಂಡಬಾರದು, ಬ್ಲೀಚಿಂಗ್ ದ್ರಾವಣ ಸುರಿಯಬಾರದು. ಕಣ್ಣಿಗೆ ರಕ್ತ ಸಿಡಿದಿದ್ದರೆ ಬರೀ ನೀರಿನಿಂದ ತೊಳೆಯಿರಿ. ಆಮೇಲೆ ನಾಚಿಕೆ ಪಡದೆ ಮೇಲಿನವರಿಗೆ ತಿಳಿಸಿ. ಎಚ್.ಐ.ವಿ. ತಡೆಯುವ ಔಷಧಿಯನ್ನು ಆದಷ್ಟು ಬೇಗ, ಕೆಲವೇ ಗಂಟೆಗಳೊಳಗೆ ಶುರು ಮಾಡಬೇಕು. 72 ಗಂಟೆ ಕಳೆದ ಮೇಲೆ ಪ್ರಯೋಜನವಿಲ್ಲ. ಒಟ್ಟು 28 ದಿನ, ಒಂದು ದಿನವೂ ತಪ್ಪಿಸದೆ ನುಂಗಬೇಕು. ಆದ್ದರಿಂದ ಹೊರಡುವ ಮೊದಲೇ ಆ ಆಸ್ಪತ್ರೆಗೆ ಪತ್ರ ಬರೆದು, ಈ ಔಷಧಿ ನಿಮ್ಮಲ್ಲಿ ಸದಾ ಇರುತ್ತದೆಯೇ, ಭಾನುವಾರ ರಾತ್ರಿ ಬೇಕಾದರೂ ಸಿಗುತ್ತದೆಯೇ ಎಂದು ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ವೈದ್ಯರ ಚೀಟಿಯೊಂದಿಗೆ ಇಲ್ಲಿಂದಲೇ ಒಯ್ಯಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಹಳೆಯ ಅಭ್ಯಾಸವಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗಿ.

ಚುಚ್ಚುಮದ್ದುಗಳು

ಹದಿನೆಂಟು ದಿನದಲ್ಲಿ ಎಲ್ಲ ಚುಚ್ಚುಮದ್ದನ್ನೂ ಮುಗಿಸಲು ಆಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಕಂತು: ಮೊದಲನೆಯದು, ಒಂದು ತಿಂಗಳ ನಂತರ ಎರಡನೆಯದು, ಆರನೆಯ ತಿಂಗಳಲ್ಲಿ ಮೂರನೆಯದು. ಮೂರೂ ಮುಗಿದ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ನಿಜವಾಗಿ ಬಂದಿದೆಯೇ ಎಂದು ನೋಡಬೇಕು, ಕೆಲವರಿಗೆ ಬಂದಿರುವುದಿಲ್ಲ. ಹಾಗಾಗಿ ಕಡಿಮೆಯೆಂದರೂ ಎಂಟು ತಿಂಗಳ ಮೊದಲೇ ತಯಾರಿ ಬೇಕು. ನಮ್ಮ ಹುಡುಗಿ ನರ್ಸಿಂಗ್ ಓದುವಾಗಲೇ ಮೂರನ್ನೂ ಹಾಕಿಸಿಕೊಂಡಿದ್ದರಿಂದ ಬದುಕಿದಳು.

ಹಳದಿ ಜ್ವರ ನಮ್ಮ ದೇಶದಲ್ಲಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ಧಾರಾಳವಾಗಿದೆ. ನಮಗೆ ಡೆಂಗ್ಯೂ ತರುವುದೂ ಅದೇ. ರೋಗ ಒಳಗೆ ಬಂದರೆ ಗತಿಯೇನು ಎಂದು ಸರ್ಕಾರ ಈ ವಿಷಯದಲ್ಲಿ ಬಹಳ ಬಿಗಿ. ಉಗಾಂಡಾ ಸೇರಿದಂತೆ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರು ಈ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿ ಪ್ರಮಾಣಪತ್ರ ಪಡೆಯಬೇಕು. ಪತ್ರವಿಲ್ಲದೆ ಹಿಂದಿರುಗಿದರೆ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದು ಮಾಮೂಲಿ ಕ್ಲಿನಿಕ್ಕಿನಲ್ಲಿ ಸಿಗುವ ಚುಚ್ಚುಮದ್ದಲ್ಲ, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಂದು ಸಲ ಹಾಕಿಸಿದರೆ 2016ರಿಂದ ಅದು ಜೀವನಪೂರ್ತಿ ಚಾಲ್ತಿ. ಹತ್ತು ವರ್ಷಕ್ಕೊಮ್ಮೆ ಎಂಬ ಹಳೆಯ ನಿಯಮ ಈಗಿಲ್ಲ. ಗರ್ಭಿಣಿಯರು, ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, 60 ದಾಟಿದವರು ವೈದ್ಯರೊಡನೆ ಚರ್ಚಿಸದೆ ಇದನ್ನು ತೆಗೆದುಕೊಳ್ಳಬಾರದು. ಇದರ ಜೊತೆಗೆ ಧನುರ್ವಾಯು, ಟೈಫಾಯಿಡ್, ಹೆಪಟೈಟಿಸ್ ಎ, ದಡಾರ, ನಾಯಿ ಕಡಿತ ಇವುಗಳ ಲಸಿಕೆ ಯಾವುದು ಬೇಕು, ಯಾವುದು ಆಗಿದೆ ಎಂದು ವೈದ್ಯರು ನೋಡಿ ನಿರ್ಧರಿಸುತ್ತಾರೆ.

ಚಳಿಜ್ವರ: ಮಲೆನಾಡಿನವರ ತಪ್ಪು ಲೆಕ್ಕ

“ನಮಗೇನು ಮಲೇರಿಯ ಹೊಸದಾ ಡಾಕ್ಟ್ರೇ, ನಮ್ಮಜ್ಜಿ ಕಾಲದಿಂದ ನೋಡಿದ್ದೇವೆ” ಎಂದು ತಾಯಿ ಹೇಳಿದರು. ಅಜ್ಜಿ ನೋಡಿದ ಜ್ವರ ಮೊಮ್ಮಗಳನ್ನು ಕಾಯುವುದಿಲ್ಲ. ಮಲೇರಿಯದ ವಿರುದ್ಧ ಬರುವ ಅಲ್ಪಸ್ವಲ್ಪ ಶಕ್ತಿ ಪದೇಪದೇ ಸೋಂಕು ತಗಲುತ್ತಿದ್ದರಷ್ಟೇ ಉಳಿಯುತ್ತದೆ. ಆಫ್ರಿಕಾದ ಹಳ್ಳಿಗಳಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್ ಜಾತಿಯದು. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲೇ ಮಿದುಳಿಗೇರಿ ಪ್ರಾಣ ತೆಗೆಯಬಲ್ಲದು. ಹಳೆಯ ಕ್ಲೋರೋಕ್ವಿನ್ ಮಾತ್ರೆಗೆ ಅದು ಬಗ್ಗುವುದಿಲ್ಲ.

ಆದ್ದರಿಂದ ತಡೆಗಟ್ಟುವ ಮಾತ್ರೆ ಬೇಕೇ ಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮುಂಚಿನಿಂದ ದಿನಕ್ಕೊಂದು, ಊರಿಗೆ ಮರಳಿದ ಮೇಲೂ ನಾಲ್ಕು ವಾರ. ಮೆಫ್ಲೋಕ್ವಿನ್ ವಾರಕ್ಕೊಂದು, ಇದನ್ನು ಎರಡು ಮೂರು ವಾರ ಮುಂಚೆಯೇ ಆರಂಭಿಸಬೇಕು, ಮರಳಿದ ಮೇಲೆ ನಾಲ್ಕು ವಾರ ಮುಂದುವರಿಸಬೇಕು. ಮೂರ್ಛೆರೋಗವಿದ್ದವರಿಗೆ, ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಂಡವರಿಗೆ ಮೆಫ್ಲೋಕ್ವಿನ್ ಕೂಡದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಕೂಡಿದ ಮಾತ್ರೆಯನ್ನು ಮರಳಿದ ಮೇಲೆ ಏಳು ದಿನ ನುಂಗಿದರೆ ಸಾಕು, ಬೆಲೆ ಮಾತ್ರ ಹೆಚ್ಚು. ಯಾವುದು ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. ಬಹಳ ಜನ ಎಡವುವುದು ಊರಿಗೆ ಬಂದ ಮೇಲೆ. ಮನೆ ಊಟ ಮಾಡಿ ಮಲಗಿದೊಡನೆ ಮಾತ್ರೆಯ ನೆನಪು ಹಾರಿಹೋಗುತ್ತದೆ. ಇಲ್ಲಿ ಮನೆಯವರ ಪಾತ್ರ ದೊಡ್ಡದು. ಮಾತ್ರೆ ಎಣಿಸಿ ಕೊಡುವ ಕೆಲಸ ಅಮ್ಮನಿಗಿರಲಿ. ಅಲ್ಲಿರುವಷ್ಟು ದಿನ ಔಷಧಿ ಸವರಿದ ಸೊಳ್ಳೆಪರದೆಯೊಳಗೇ ಮಲಗಬೇಕು, ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಬೇಕು.

ಕೆರೆಗೆ ಇಳಿಯುವ ಮುನ್ನ

ತುಂಗೆಯ ದಡದಲ್ಲಿ ಬೆಳೆದವರಿಗೆ ನೀರು ಕಂಡರೆ ಇಳಿಯುವ ಆಸೆ. ಗಂಗಾ ಸ್ನಾನ ತುಂಗಾ ಪಾನ ಎನ್ನುವ ನಾಡು ನಮ್ಮದು. ಕೂಡ್ಲಿಯ ಸಂಗಮದಲ್ಲಿ ಮುಳುಗು ಹಾಕದ ಮಕ್ಕಳುಂಟೇ? ಆದರೆ ವಿಕ್ಟೋರಿಯಾ, ಮಲಾವಿ ಮುಂತಾದ ಆಫ್ರಿಕಾದ ಸರೋವರಗಳಲ್ಲಿ ಶಿಸ್ಟೊಸೋಮ ಎಂಬ ಹುಳುವಿನ ಕಾಟವಿದೆ. ಅದರ ಮರಿಗಳು ನೀರಿನ ಬಸವನಹುಳುವಿನಲ್ಲಿ ಬೆಳೆದು, ನೀರಿಗಿಳಿದ ಮನುಷ್ಯರ ಚರ್ಮದ ಮೂಲಕ ಸದ್ದಿಲ್ಲದೆ ಒಳಹೋಗುತ್ತವೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಜ್ವರ, ಹೊಟ್ಟೆನೋವು, ಮೂತ್ರದಲ್ಲಿ ರಕ್ತ. ಕಾಲು ತೊಳೆಯಲು ನೀರಿಗಿಳಿದರೂ ಸಾಕು. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಗುಣವಾಗುತ್ತದೆ, ಆದರೆ ನಮ್ಮೂರಿನ ವೈದ್ಯರು ಈ ರೋಗವನ್ನು ನೋಡಿರುವುದೇ ಅಪರೂಪವಾದ್ದರಿಂದ ಹೀಗೆ ನೀರಿಗಿಳಿದಿದ್ದೆ ಎಂದು ನೀವೇ ಹೇಳಬೇಕು.

ರಸ್ತೆಯ ಬಗ್ಗೆ ಒಂದು ಮಾತು. ಜನ ಹಾವು, ಹುಲಿ, ವಿಚಿತ್ರ ಜ್ವರಗಳಿಗೆ ಹೆದರುತ್ತಾರೆ. ಹೊರದೇಶಕ್ಕೆ ಹೋದ ಗಟ್ಟಿಮುಟ್ಟಾದವರ ಸಾವಿಗೆ ಇವೆಲ್ಲಕ್ಕಿಂತ ಮುಖ್ಯ ಕಾರಣ ವಾಹನ ಅಪಘಾತ. ಕತ್ತಲಾದ ಮೇಲೆ ಹೆದ್ದಾರಿ ಪ್ರಯಾಣ ಬೇಡ, ಪಿಕಪ್ಪಿನ ಹಿಂದೆ ಮೂಟೆಗಳ ಮೇಲೆ ಕೂರುವುದು ಬೇಡ, ಬಾಡಿಗೆ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಹೋಗುವುದು ಬೇಡ.

ಇಲ್ಲಿ ಮಾಡದ್ದನ್ನು ಅಲ್ಲಿ ಮಾಡಬಾರದು

ಇದು ರೋಗಿಯ ಕಡೆಯಿಂದ ಹೇಳುವ ಮಾತು. ಮೂರನೇ ವರ್ಷದ ವಿದ್ಯಾರ್ಥಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಯಾರೂ ಸಿಸೇರಿಯನ್ ಮಾಡಲು ಬಿಡುವುದಿಲ್ಲ. ಆಫ್ರಿಕಾದ ಹಳ್ಳಿಯಲ್ಲಿ ವೈದ್ಯರ ಕೊರತೆಯೆಂದು ಬಿಟ್ಟರೆ ಅದನ್ನು ಅವಕಾಶವೆಂದು ತಿಳಿಯುವುದು ಅನ್ಯಾಯ. ಅಲ್ಲಿನ ತಾಯಿಯ ಹೊಟ್ಟೆಯೂ ನಮ್ಮ ತಾಯಿಯ ಹೊಟ್ಟೆಯಂಥದೇ. ವೈದ್ಯರಾಗಲಿ ದಾದಿಯರಾಗಲಿ ಆ ದೇಶದ ಕೌನ್ಸಿಲಿನಿಂದ ತಾತ್ಕಾಲಿಕ ಪರವಾನಗಿ ಪಡೆದೇ ಕೆಲಸಕ್ಕಿಳಿಯಬೇಕು.

ಹದಿನೈದು ದಿನದ ಶಿಬಿರಗಳ ತೊಡಕು ನಮಗೂ ಗೊತ್ತಿದ್ದದ್ದೇ. ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಸಾಮೂಹಿಕ ನೇತ್ರ ಚಿಕಿತ್ಸಾ ಶಿಬಿರಗಳನ್ನು ನಡೆಸಿ ಲಕ್ಷಾಂತರ ಜನಕ್ಕೆ ಕಣ್ಣು ಕೊಟ್ಟದ್ದನ್ನು ಕರ್ನಾಟಕ ಮರೆಯದು. ಆದರೂ ಈಗ ಶಾಲೆ, ಛತ್ರಗಳಲ್ಲಿ ಶಸ್ತ್ರಕ್ರಿಯೆ ಮಾಡುವ ಪದ್ಧತಿಯನ್ನು ಕೈಬಿಡಲಾಗಿದೆ. ಶಿಬಿರದಲ್ಲಿ ತಪಾಸಣೆ, ಶಸ್ತ್ರಕ್ರಿಯೆ ಆಸ್ಪತ್ರೆಯಲ್ಲಿ. ಕಾರಣ ಸರಳ. ಕತ್ತರಿ ಹಿಡಿದವರು ಹೊರಟುಹೋದ ಮೇಲೆ ಕಣ್ಣು ಕೀವಾದರೆ ಯಾರನ್ನು ಕೇಳುವುದು? ಪರದೇಶದಲ್ಲೂ ಅಷ್ಟೇ. ಬಿ.ಪಿ. ಇದೆಯೆಂದು ಹದಿನೈದು ದಿನದ ಮಾತ್ರೆ ಕೊಟ್ಟು ಬಂದರೆ ಹದಿನಾರನೇ ದಿನ ಆ ರೋಗಿ ಏನು ಮಾಡಬೇಕು? ಅಲ್ಲಿ ವರ್ಷವಿಡೀ ಸಿಗುವ ಔಷಧಿಯನ್ನೇ ಬರೆಯಿರಿ, ಬರೆದದ್ದನ್ನು ಅಲ್ಲಿನ ದಾಖಲೆ ಪುಸ್ತಕದಲ್ಲಿ ಓದಲು ಬರುವಂತೆ ಬರೆಯಿರಿ. ನೀವು ಹತ್ತು ಜನ ರೋಗಿಗಳನ್ನು ನೋಡುವುದಕ್ಕಿಂತ ಅಲ್ಲಿನ ಒಬ್ಬ ದಾದಿಗೆ ನಿಮಗೆ ಬರುವ ಕೆಲಸವನ್ನು ಕಲಿಸಿ ಬರುವುದು ಮೇಲು.

ಮನೆಯ ಬೀರುವಿನಲ್ಲಿ ಉಳಿದ ಮಾತ್ರೆಗಳನ್ನು, ಪರಿಚಯದ ಮೆಡಿಕಲ್ ಸ್ಟೋರಿನವರು ಕೊಟ್ಟ ಅವಧಿ ಮುಗಿಯುತ್ತ ಬಂದ ಔಷಧಿಗಳನ್ನು ಪೆಟ್ಟಿಗೆಗಟ್ಟಲೆ ಒಯ್ಯುವವರಿದ್ದಾರೆ. ದಯವಿಟ್ಟು ಬೇಡ. ದಾನದ ಔಷಧಿ ಆ ದೇಶ ತಲುಪಿದಾಗ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಿದೆ. ಅವರು ಕೇಳಿದ್ದನ್ನು ಮಾತ್ರ ಕೊಡಬೇಕು. ನಮಗೆ ಕಸವಾದದ್ದು ಅವರಿಗೂ ಕಸವೇ.

ಹೊರಡುವವರ ಸ್ವಂತ ಕಾಯಿಲೆ

ಸಕ್ಕರೆ ಕಾಯಿಲೆ, ಬಿ.ಪಿ., ಉಬ್ಬಸ, ಫಿಟ್ಸ್, ಖಿನ್ನತೆ ಯಾವುದಿದ್ದರೂ ಮುಚ್ಚಿಡಬಾರದು. ಇವು ಹತೋಟಿಯಲ್ಲಿದ್ದರೆ ಹೋಗಲು ಅಡ್ಡಿಯಿಲ್ಲ. ಬೇಕಾದಷ್ಟು ದಿನದ ಔಷಧಿ, ಅದರ ಮೇಲೆ ಇನ್ನೊಂದು ತಿಂಗಳದ್ದು, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ. ಲಗೇಜು ಎಷ್ಟೋ ಸಲ ಬೇರೆ ಊರಿಗೆ ಹೋಗಿಬಿಡುತ್ತದೆ. ಹಲ್ಲುನೋವಿದ್ದರೆ ಇಲ್ಲೇ ತೋರಿಸಿಕೊಳ್ಳಿ. ವಾರಕ್ಕೊಂದು ದಿನ ರಜೆ, ರಾತ್ರಿ ಪಾಳಿಯ ಮಾರನೆಯ ದಿನ ನಿದ್ದೆ ಇವೆರಡನ್ನು ಬಿಡಬೇಡಿ. ಕಾಯಿಲೆ ಬಿದ್ದರೆ ದೊಡ್ಡ ಊರಿಗೆ, ಅಗತ್ಯವಾದರೆ ಭಾರತಕ್ಕೆ ಕರೆತರುವ ಖರ್ಚನ್ನೂ ಕೊಡುವಂಥ ವಿಮೆ ಮಾಡಿಸಿ.

ಮರಳಿದ ಮೇಲೆ ಬರುವ ಜ್ವರ

ಹಿಂದಿರುಗಿದ ಮೇಲೆ ಜ್ವರ ಬಂದರೆ ಅದೇ ದಿನ ಮಲೇರಿಯ ಪರೀಕ್ಷೆ ಆಗಬೇಕು, ನಾಳೆಗಲ್ಲ. ಒಮ್ಮೆ ಇಲ್ಲವೆಂದು ಬಂದರೂ ಜ್ವರ ನಿಲ್ಲದಿದ್ದರೆ 12ರಿಂದ 24 ಗಂಟೆಯೊಳಗೆ ಮತ್ತೆ ಮಾಡಿಸಿ. ಫಾಲ್ಸಿಪಾರಮ್ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ, ಬೇರೆ ಜಾತಿಯವು ಒಂದು ವರ್ಷದ ಮೇಲೂ ಬರಬಹುದು. ಉಗಾಂಡಾದಲ್ಲಿ 2022ರಲ್ಲೂ 2025ರಲ್ಲೂ ಎಬೋಲಾ ಕಾಣಿಸಿಕೊಂಡಿತ್ತು. ಅಂಥ ಸಮಯದಲ್ಲಿ ಅಲ್ಲಿದ್ದು ಬಂದವರಿಗೆ 21 ದಿನದೊಳಗೆ ಜ್ವರ ಬಂದರೆ ನೇರವಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲದೆ ಮೊದಲು ಫೋನ್ ಮಾಡಿ ತಿಳಿಸಬೇಕು. ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ. ಯಾವ ವೈದ್ಯರ ಬಳಿ ಹೋದರೂ ನಿಮ್ಮ ಮೊದಲ ಮಾತು “ನಾನು ಇಂಥ ದೇಶದಲ್ಲಿದ್ದೆ, ಇಂಥ ದಿನ ಬಂದೆ” ಎಂದಿರಲಿ.

ಇದೇ ಮಾತು ಇಲ್ಲಿಂದ ಹೋಗುವಾಗಲೂ ಅನ್ವಯಿಸುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನಕ್ಕೂ ಜ್ವರ ಹಬ್ಬಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದಿಂದ ಬಂದವರಲ್ಲಿ ಅಮೆರಿಕದ ಟೆಲ್ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಇದ್ದರು. ಅವರಿಗೆ ನಮ್ಮ ಮಲೆನಾಡೇ ಪರದೇಶದ ಹಳ್ಳಿ. ಆ ವೈರಾಣುವನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದ ಹಲವರಿಗೂ ಸೋಂಕು ತಗಲಿತ್ತು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಮತ್ತೆ ಹಬ್ಬಿ ಜೀವಗಳನ್ನು ತೆಗೆದುಕೊಂಡದ್ದು ನಿಮಗೆ ನೆನಪಿದ್ದೀತು. ಉಣುಗು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಜ್ವರ ಶುರುವಾಗುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ತೋಟ, ಕಾಡು ಸುತ್ತಿ ಬಂದು ವಿಮಾನ ಹತ್ತಿದವರಿಗೆ ಅಲ್ಲಿ ಇಳಿದ ಮೇಲೆ ಜ್ವರ ಬಂದರೆ ಉಗಾಂಡಾದ ವೈದ್ಯರಿಗೆ ಈ ಕಾಯಿಲೆಯ ಹೆಸರೂ ತಿಳಿದಿರಲಿಕ್ಕಿಲ್ಲ. ಹೊರಡುವ ಮುಂಚಿನ ಹದಿನೈದು ದಿನ, ಅಜ್ಜನ ಮನೆಯೇ ಆದರೂ, ಕಾಡಂಚಿನ ತೋಟಕ್ಕೆ ಹೋಗಬೇಡ ಎಂದು ನಮ್ಮ ಹುಡುಗಿಗೆ ಹೇಳಿದೆ. ತಂದೆ ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಉಪ್ಪಿನಕಾಯಿಯ ಪ್ರಶ್ನೆ ಉಳಿದಿತ್ತು. ಒಯ್ಯಬಹುದು, ಎಣ್ಣೆ ಸೋರದಂತೆ ಗಟ್ಟಿಯಾಗಿ ಮೊಹರು ಮಾಡಿ ಲಗೇಜಿನಲ್ಲಿಡಿ, ಕೈಚೀಲದಲ್ಲಿ ಬಿಡುವುದಿಲ್ಲ ಎಂದೆ. ಅದರ ಪಕ್ಕದಲ್ಲೇ ಓ.ಆರ್.ಎಸ್. ಪೊಟ್ಟಣ ಇಪ್ಪತ್ತು ಇಡಿ ಎಂದಾಗ ತಾಯಿ, “ಅಷ್ಟೊಂದಾ?” ಎಂದರು. ಹತ್ತು ಅವಳಿಗೆ, ಹತ್ತು ಅವಳ ಕೋಣೆಯಲ್ಲಿ ಜೊತೆಗಿರುವವಳಿಗೆ.